ಹೆಂಗಸರ ಅಳತೆಯ ಟರ್ನ್‌ಔಟ್ ಗೇರ್: ಯಾವುದಕ್ಕೆ ಕಾಸು ಕೊಡಬೇಕು, ಯಾವುದಕ್ಕೆ ಬೇಡ

ಅಮೆರಿಕದ ಅಗ್ನಿಶಾಮಕ ಠಾಣೆಗಳಲ್ಲಿ ಟರ್ನ್‌ಔಟ್ ಗೇರ್ ಅಥವಾ ಬಂಕರ್ ಗೇರ್ ಅಂತ ಕರೆಯುವ ದಪ್ಪ ಕೋಟು-ಪ್ಯಾಂಟಿನ ಜೋಡಿ ಈಗ ಹೆಂಗಸರ ಅಳತೆಯಲ್ಲೂ ಸಿಗುತ್ತದೆ. ಗ್ಲೋಬ್, ಲಯನ್ ಥರದ ದೊಡ್ಡ ತಯಾರಕರ ಕ್ಯಾಟಲಾಗ್ ತೆರೆದರೆ ಅದಕ್ಕೇ ಬೇರೆ ಪುಟ ಇರುತ್ತದೆ. ಕ್ಯಾಟಲಾಗಿನಲ್ಲಿ ಇರುವುದಕ್ಕೂ ಠಾಣೆಯ ಗೂಟದ ಮೇಲೆ ನೇತಾಡುವುದಕ್ಕೂ ನಡುವೆ ಬಹಳ ದೂರ. ಈ ವಿಮರ್ಶೆ ಆ ದೂರದ್ದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಪ್ಯಾಂಟು ಮತ್ತು ಗ್ಲೌಸಿಗೆ ಕೈ ಬಿಚ್ಚಿ ಖರ್ಚು ಮಾಡಿ. ಕೋಟನ್ನು ಹಾಕಿ ನೋಡಿದ ಮೇಲೆ ತೀರ್ಮಾನಿಸಿ. ಸಿಲಿಂಡರಿನ ಗಾಳಿ ಉಸಿರಾಡುವ ಮಾಸ್ಕಿನ ವಿಷಯದಲ್ಲಿ ಹಟ ಹಿಡಿಯಿರಿ. ಹೆಲ್ಮೆಟ್ಟಿಗೆ ಮಾತ್ರ ಹೆಂಗಸರ ಹೆಸರಿನಲ್ಲಿ ಒಂದು ಡಾಲರ್ ಕೂಡ ಹೆಚ್ಚು ಕೊಡಬೇಡಿ.

ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿಯಲ್ಲಿ ಜುಡಿತ್ ಲಿವರ್ಸ್ ಅಮೆರಿಕದ ಮೊದಲ ಹೆಂಗಸರಲ್ಲೊಬ್ಬರಾಗಿ ಸಂಬಳದ ಅಗ್ನಿಶಾಮಕ ಸಿಬ್ಬಂದಿಗೆ ಸೇರಿದ್ದು 1974ರಲ್ಲಿ. ಬ್ರೆಂಡಾ ಬರ್ಕ್‌ಮನ್ ಸೇರ್ಪಡೆಯ ದೇಹದಾರ್ಢ್ಯ ಪರೀಕ್ಷೆ ಹೆಂಗಸರಿಗೆ ಅನ್ಯಾಯ ಅಂತ ಕೋರ್ಟಿಗೆ ಹೋಗಿ ಗೆದ್ದ ಮೇಲೆ 1982ರಲ್ಲಿ ನ್ಯೂಯಾರ್ಕ್ ನಗರದ ಇಲಾಖೆಗೆ ಮೊದಲ ಬಾರಿ ಹೆಂಗಸರು ಕಾಲಿಟ್ಟರು. ಇಷ್ಟೆಲ್ಲ ಆಗಿಯೂ ಅಗ್ನಿ ಸುರಕ್ಷೆಯ ಮಾನದಂಡಗಳನ್ನು ಬರೆಯುವ ಅಮೆರಿಕದ ಸಂಸ್ಥೆ ಎನ್‌ಎಫ್‌ಪಿಎಯ 2020ರ ಲೆಕ್ಕದಲ್ಲಿ ಸಂಬಳದ ಸಿಬ್ಬಂದಿಯಲ್ಲಿ ಹೆಂಗಸರು ಸುಮಾರು ಶೇ. 5 ಮಾತ್ರ, ಸ್ವಯಂಸೇವಕರಲ್ಲಿ ಸುಮಾರು ಶೇ. 11. ಈ ಶೇ. 5ಕ್ಕೂ ಬಟ್ಟೆಗೂ ನೇರ ಸಂಬಂಧ ಇದೆ. 200 ಜನರ ಇಲಾಖೆಯಲ್ಲಿ ಹೆಂಗಸರು ಹತ್ತು ಮಂದಿ ಅಂದುಕೊಳ್ಳಿ. ಖರೀದಿ ವಿಭಾಗ 190 ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಟೆಂಡರ್ ಬರೆಯುತ್ತದೆ, ಉಳಿದ ಹತ್ತು ಮಂದಿಗೆ 'ಸ್ಮಾಲ್' ಸೈಜ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಸೇರುವ ಮುಂಚಿನ ದೇಹದಾರ್ಢ್ಯ ಪರೀಕ್ಷೆಯಲ್ಲಿ ಈ ತೊಂದರೆ ಕಾಣಿಸುವುದೇ ಇಲ್ಲ. ಅನೇಕ ಇಲಾಖೆಗಳು ನಡೆಸುವ ಸಿಪ್ಯಾಟ್ ಪರೀಕ್ಷೆಯಲ್ಲಿ 50 ಪೌಂಡಿನ ತೂಕದ ವೆಸ್ಟ್ ಹಾಕಿಕೊಂಡು ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನೊಳಗೆ ಮುಗಿಸಬೇಕು. ಮೆಟ್ಟಿಲು ಹತ್ತುವಾಗ ಇನ್ನೂ 25 ಪೌಂಡ್ ಸೇರುತ್ತದೆ. ಅಲ್ಲಿ ಬಂಕರ್ ಗೇರ್ ಇರುವುದಿಲ್ಲ. ಪಾಸಾಗಿ ಅಕಾಡೆಮಿಗೆ ಬಂದ ಮೇಲೆ ಯಾರೋ ಬಿಟ್ಟುಹೋದ ಹಳೇ ಗೇರ್ ಕೈಗೆ ಬರುತ್ತದೆ. ಏಣಿ ಹತ್ತುವುದು ನಿಧಾನ, ಹೋಸ್ (ನೀರಿನ ಕೊಳವೆ) ಜೋಡಿಸುವುದು ನಿಧಾನ, ಬೆನ್ನಿನ ಗಾಳಿ ಸಿಲಿಂಡರ್ ಬೇಗ ಖಾಲಿ. ಪ್ರೊಬೇಷನ್ ವರದಿಯಲ್ಲಿ ಬರೆಯುವುದು 'ನಿಧಾನ' ಅಂತ. ಗ್ಲೌಸ್ ಒಂದು ಸೈಜ್ ದೊಡ್ಡದಿತ್ತು ಅಂತ ಯಾರೂ ಬರೆಯುವುದಿಲ್ಲ. ಮುಂದೆ ಬಡ್ತಿಗೆ ಕೂತಾಗ ಅದೇ ಫೈಲು ಮೇಜಿನ ಮೇಲೆ ಇರುತ್ತದೆ.

ಈಗ ಬಟ್ಟೆಗೆ ಬರೋಣ. ಗೇರಿನಲ್ಲಿ ಮೂರು ಪದರ: ಬೆಂಕಿ ಮತ್ತು ತರಚುವಿಕೆ ತಡೆಯುವ ಹೊರಬಟ್ಟೆ, ನೀರು ತಡೆಯುವ ತೆಳು ಪದರ, ಒಳಗೆ ಶಾಖ ತಡೆಯುವ ಲೈನಿಂಗ್. ಎನ್‌ಎಫ್‌ಪಿಎ 1971 ಮಾನದಂಡ (ಈಗ ಇದನ್ನು 1970ರೊಳಗೆ ಸೇರಿಸಿದ್ದಾರೆ) ಈ ಮೂರೂ ಸೇರಿ ಟಿಪಿಪಿ (ಶಾಖ ತಡೆಯುವ ಶಕ್ತಿಯ ಅಂಕ) ಕನಿಷ್ಠ 35 ಇರಬೇಕು ಅನ್ನುತ್ತದೆ. ಇದರ ಅರ್ಧ, ಅಂದರೆ ಹದಿನೇಳೂವರೆ ಸೆಕೆಂಡು, ಕೋಣೆಯೆಲ್ಲ ಒಮ್ಮೆಲೇ ಹೊತ್ತಿಕೊಂಡಂಥ ಶಾಖದಲ್ಲಿ ಚರ್ಮ ಬೊಬ್ಬೆ ಏಳುವ ಮುಂಚೆ ಸಿಗುವ ಅಂದಾಜು ಸಮಯ. ಮೈಯ ಶಾಖ, ಬೆವರು ಬಟ್ಟೆಯಿಂದ ಎಷ್ಟು ಹೊರಹೋಗುತ್ತದೆ ಅನ್ನುವ ಅಂಕ ಟಿಎಚ್‌ಎಲ್, ಅದು ಕನಿಷ್ಠ 205 ಬೇಕು. ಈ ಅಂಕಿಗಳು ಪ್ರಯೋಗಾಲಯದಲ್ಲಿ ಬಟ್ಟೆಯ ತುಂಡಿನ ಮೇಲೆ ಅಳೆದವು. ಮೈಮೇಲೆ ಬಿಗಿಯಾದ ಕಡೆ ಪದರಗಳು ಅದುಮಿ ನಡುವಿನ ಗಾಳಿ ಹೋಗುತ್ತದೆ; ಭುಜ, ಮಂಡಿ, ಸೀಟ್ ಭಾಗದಲ್ಲಿ ಸುಟ್ಟಗಾಯ ಆಗುವುದು ಹೀಗೆ. ಗಂಡಸರ ಅಳತೆಯ ಪ್ಯಾಂಟು ಹೆಂಗಸರಿಗೆ ಸೊಂಟದಲ್ಲಿ ದೊಗಲೆ, ಸೀಟ್‌ನಲ್ಲಿ ಬಿಗಿ. ಕ್ಯಾಟಲಾಗಿನಲ್ಲಿ 35 ಅಂತ ಅಚ್ಚಾಗಿದ್ದರೂ ಬಿಗಿಯಾದ ಜಾಗದಲ್ಲಿ ಅಷ್ಟು ಸಿಗುವುದಿಲ್ಲ.

ಪ್ಯಾಂಟೇ ಈ ಇಡೀ ಸೆಟ್ಟಿನ ನಿಜವಾದ ಗಳಿಕೆ. ಹೆಂಗಸರ ಮಾದರಿಯಲ್ಲಿ ಸೊಂಟಕ್ಕಿಂತ ಸೀಟ್ ಅಗಲ, ಹಿಂಭಾಗದ ಎತ್ತರ ಜಾಸ್ತಿ, ತೊಡೆಸಂದಿನ ಹೊಲಿಗೆ ಮೇಲೆ. ಗಂಡಸರ ಪ್ಯಾಂಟನ್ನು ಚಿಕ್ಕದು ಮಾಡಿ ಕೊಟ್ಟಾಗ ಆ ಹೊಲಿಗೆ ತೊಡೆಯ ಅರ್ಧಕ್ಕೆ ಇಳಿದಿರುತ್ತದೆ. ಆಗ ಇಂಜಿನ್ನಿನ ಮೊದಲ ಮೆಟ್ಟಿಲಿಗೆ ಕಾಲೆತ್ತಿದರೆ ಎರಡೂ ತೊಡೆ ಒಟ್ಟಿಗೆ ಎಳೆಯುತ್ತವೆ. ಮಂಡಿ ಮೇಲೇಳುವುದಿಲ್ಲ, ಏಣಿಯ ಪ್ರತಿ ಮೆಟ್ಟಿಲಿಗೂ ಸೊಂಟ ತಿರುಗಿಸಿ ಹತ್ತಬೇಕಾಗುತ್ತದೆ. ಹತ್ತು ಮೆಟ್ಟಿಲಿಗೆ ಅದು ಏನೂ ಅನ್ನಿಸುವುದಿಲ್ಲ, ಆರನೇ ಮಹಡಿಗೆ ಹೋಸ್ ಹೊತ್ತು ಹೋಗುವಾಗ ಗೊತ್ತಾಗುತ್ತದೆ.

ಖರೀದಿಯಲ್ಲಿ ಪದೇ ಪದೇ ಎಡವುವುದು ಮಂಡಿಯ ವಿಷಯದಲ್ಲಿ. ಉದ್ದ ಜಾಸ್ತಿ ಇದ್ದರೆ ಕೆಳಗೆ ಮಡಚಿ ಹೊಲಿದರೆ ಆಯಿತಲ್ಲ ಅನ್ನುವುದು ಅಂಗಡಿಯವರ ಸಿದ್ಧ ಉತ್ತರ. ಕೆಳಗೆ ಮಡಚಿದರೆ ಪ್ಯಾಂಟು ಗಿಡ್ಡವಾಗುತ್ತದೆ, ಮಂಡಿಯ ದಪ್ಪ ಪ್ಯಾಡು ಇದ್ದಲ್ಲೇ ಇರುತ್ತದೆ. ನೆಲದ ಮೇಲೆ ತೆವಳುವಾಗ ಪ್ಯಾಡು ಮಂಡಿಯಿಂದ ಕೆಳಗಿಳಿದು ಕಾಲಿನ ಮೂಳೆಯ ಮೇಲೆ, ನೆಲ ತಾಗುವ ಮಂಡಿಗೆ ಬರೀ ಮೂರು ಪದರ. ಬಿಸಿ ನೆಲ, ಒದ್ದೆ ಬಟ್ಟೆ, ಮೈಭಾರ ಮೂರೂ ಸೇರಿದ ಜಾಗ ಅದು. ಪಕ್ಕದ ಜೇಬು ಕೂಡ ಹಾಗೇ ಕೆಳಗಿಳಿದು, ಕುಕ್ಕರಗಾಲಿನಲ್ಲಿ ಕೂತಾಗ ಮಂಡಿಗೆ ಅಡ್ಡ ಬರುತ್ತದೆ. ಹಾಗಾಗಿ ಆರ್ಡರ್ ಫಾರಂನಲ್ಲಿ ಒಳಗಾಲಿನ ಉದ್ದದ ಜತೆಗೆ 'ಮಂಡಿ ಪ್ಯಾಡಿನ ಜಾಗ ಅಳತೆಗೆ ತಕ್ಕಂತೆ ಸರಿಸಬೇಕು' ಅಂತ ಬರೆಸಿ. ಹೆಂಗಸರ ಮಾದರಿ ಅಂತ ಹೆಸರಿಟ್ಟು ಗಂಡಸರ ಪ್ಯಾಂಟನ್ನೇ ಗಿಡ್ಡ ಮಾಡಿ ಕೊಟ್ಟಿದ್ದಾರೋ ಅಂತ ಪತ್ತೆ ಹಚ್ಚುವ ಸುಲಭ ದಾರಿಯೂ ಇದೇ: ಮಂಡಿಯೂರಿ ಕೂತು ಪ್ಯಾಡು ಎಲ್ಲಿ ಬಂತು ನೋಡಿ.

ಪ್ಯಾಂಟನ್ನು ಭುಜದಿಂದ ತೂಗುಹಾಕುವ ಸಸ್ಪೆಂಡರ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಭುಜದ ಪಟ್ಟಿಗಳು ಎದೆಯ ಮೇಲೆ ಹಾದುಹೋಗುವ ಕಡೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಪಟ್ಟಿಯ ಅಂತರ ಹೊಂದಿಸಲು ಬರುವ, ಮುಂಭಾಗದ ಕೊಂಡಿ ಒಂದೇ ಕೈಯಲ್ಲಿ ಬಿಚ್ಚಲು ಬರುವ ಮಾದರಿ ತೆಗೆದುಕೊಳ್ಳಿ. ಕೊಂಡಿಯ ಮಾತು ಯಾಕೆಂದರೆ, ಹತ್ತು ಗಂಟೆ ನಡೆಯುವ ಬೆಂಕಿಯಲ್ಲಿ ಹೆಂಗಸೊಬ್ಬಳು ಶೌಚಕ್ಕೆ ಹೋಗಬೇಕಾದರೆ ಕೋಟು ಕಳಚಿ, ಸಸ್ಪೆಂಡರ್ ಇಳಿಸಿ, ಪ್ಯಾಂಟು ಪೂರ್ತಿ ಇಳಿಸಬೇಕು. ಇದನ್ನು ತಪ್ಪಿಸಲು ನೀರು ಕುಡಿಯದೇ ಇರುವವರಿದ್ದಾರೆ. ಬಂಕರ್ ಗೇರಿನೊಳಗೆ ನೀರು ಕುಡಿಯದೇ ಇರುವುದೆಂದರೆ ಶಾಖಾಘಾತವನ್ನು ಕರೆದು ಕೂರಿಸಿದ ಹಾಗೆ.

ಕೋಟಿನ ವಿಷಯ ಸ್ವಲ್ಪ ಬೇರೆ. ಎತ್ತರವಿದ್ದು ಭುಜ ಅಗಲ ಇರುವ ಕೆಲವರಿಗೆ ಗಂಡಸರ ಕೋಟೇ ಚೆನ್ನಾಗಿ ಕೂರುತ್ತದೆ, ಅವರಿಗೆ ಬಲವಂತ ಮಾಡುವ ಅಗತ್ಯ ಇಲ್ಲ. ಉಳಿದವರಿಗೆ ಭುಜದ ಹೊಲಿಗೆ ತೋಳಿನ ಮೇಲೆ ಇಳಿದು ಕೈಯೆತ್ತಿದಾಗ ಇಡೀ ಕೋಟೇ ಮೇಲೇಳುತ್ತದೆ. ಅಳೆಯುವ ಕ್ರಮ ಎನ್‌ಎಫ್‌ಪಿಎ 1500ರಲ್ಲಿದೆ (ಈಗ ಇದನ್ನು 1550ರೊಳಗೆ ಸೇರಿಸಿದ್ದಾರೆ). ಸಿಲಿಂಡರ್ ಹಾಕದೆ ನಿಂತು ಎರಡೂ ಕೈ ಜೋಡಿಸಿ ಆದಷ್ಟು ಮೇಲಕ್ಕೆ ಎತ್ತಿ. ಹಾಗೇ ಕೈಯೆತ್ತಿಕೊಂಡು ಮುಂದಕ್ಕೆ 90 ಡಿಗ್ರಿ ಬಗ್ಗಿ. ಪಕ್ಕಕ್ಕೆ ಮತ್ತು ಹಿಂದಕ್ಕೆ ಬಾಗಿ. ಇಷ್ಟರಲ್ಲಿ ಯಾವ ಭಂಗಿಯಲ್ಲೂ ಕೋಟು-ಪ್ಯಾಂಟಿನ ಎಲ್ಲ ಪದರಗಳೂ ಕನಿಷ್ಠ 2 ಇಂಚು ಒಂದರ ಮೇಲೊಂದು ಇರಬೇಕು. ಎಲ್ಲ ಪದರ ಅನ್ನುವ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ: ಹೊರಬಟ್ಟೆ ಮುಚ್ಚಿದ್ದು ಒಳಗಿನ ಲೈನಿಂಗ್ ಮೇಲೆ ಸರಿದಿದ್ದರೆ ಬೆನ್ನಿನ ಕೆಳಭಾಗ ಬರಿದೇ. ಇದನ್ನು ಇನ್ನೊಬ್ಬರು ಕೋಟಿನ ಅಂಚು ಎತ್ತಿ, ಟೇಪ್ ಹಿಡಿದು ನೋಡಬೇಕು, ಕನ್ನಡಿಯಲ್ಲಿ ಕಾಣುವುದಿಲ್ಲ.

ಕೋಟಿನೊಳಗೆ ಭುಜ-ಕಂಕುಳ ಸುತ್ತಿ ಹೋಗುವ ಎಳೆಪಟ್ಟಿ ಒಂದಿರುತ್ತದೆ, ಡಿಆರ್‌ಡಿ. ಒಳಗೆ ಬಿದ್ದವರನ್ನು ಹೊರಗೆಳೆಯಲು 1971 ಮಾನದಂಡದ 2007ನೇ ಇಸವಿಯ ಆವೃತ್ತಿಯಿಂದ ಇದು ಕಡ್ಡಾಯ. ಕೋಟು ದೊಗಲೆ ಇದ್ದರೆ ಎಳೆದಾಗ ಮನುಷ್ಯರಿಗಿಂತ ಮುಂಚೆ ಕೋಟು ಬರುತ್ತದೆ, ಕಾಲರ್ ಮುಖದ ಮೇಲೇರಿ ಮಾಸ್ಕನ್ನು ದೂಡುತ್ತದೆ. ಹೊಸ ಕೋಟು ಬಂದ ದಿನವೇ ಇಬ್ಬರು ಸೇರಿ ಒಮ್ಮೆ ಎಳೆದು ನೋಡಿ. ತೋಳು ಉದ್ದವಾದರೆ ಹೊರಗಿನ ಟೈಲರ್ ಹತ್ತಿರ ಕೊಡಲೇಬೇಡಿ. ಮಣಿಕಟ್ಟಿನ ಹೆಣಿಗೆ ಪಟ್ಟಿ, ನೀರು ತಡೆಯುವ ಪದರದ ಅಂಟಿಸಿದ ಹೊಲಿಗೆ ಎರಡೂ ಹಾಳಾಗುತ್ತವೆ, ಪ್ರಮಾಣಪತ್ರವೂ ಹೋಯಿತು. ಈ ಕೆಲಸ ತಯಾರಕರು ಅಥವಾ ಮಾನ್ಯತೆ ಪಡೆದ ದುರಸ್ತಿ ಕೇಂದ್ರದವರೇ ಮಾಡಬೇಕು.

ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ಅಂದರೆ ಗ್ಲೌಸು. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ ಉಳಿದರೆ ಸಿಲಿಂಡರಿನ ಕವಾಟ ತಿರುಗಿಸಲು, ರೇಡಿಯೋ ಗುಂಡಿ ಒತ್ತಲು, ಹೋಸ್ ಕಪ್ಲಿಂಗ್ ಹಿಡಿಯಲು ಆಗುವುದಿಲ್ಲ. ಆಗ ಮಾಡುವುದೊಂದೇ, ಗ್ಲೌಸ್ ಕಳಚುವುದು. ಹೊಸ ಗ್ಲೌಸುಗಳ ಅಳತೆ ತೋರುಬೆರಳಿನ ಉದ್ದದ ಮೇಲೆ, ಮಿಲಿಮೀಟರಿನಲ್ಲಿ: 64, 70, 76, 82. ಪಕ್ಕದ ಅಕ್ಷರ ಅಗಲದ್ದು. ಅಂಗೈ ಸೇರುವ ಗೆರೆಯಿಂದ ಬೆರಳ ತುದಿಯವರೆಗೆ ಸ್ಕೇಲಿನಲ್ಲಿ ಅಳೆದು ಹೇಳಿ, 'ಸ್ಮಾಲ್ ಕೊಡಿ' ಅನ್ನಬೇಡಿ. ಹಾಕಿ ನೋಡುವಾಗ ಒಣಗಿದ್ದು ಮಾತ್ರ ಸಾಲದು. ನೀರಿನಲ್ಲಿ ನೆನೆಸಿ, ಕಳಚಿ, ಮತ್ತೆ ಹಾಕಿ. ಒಳಗಿನ ಪದರ ಬೆರಳಿನ ಜತೆ ಹೊರಗೆ ಬಂದರೆ ಆ ಜೋಡಿ ಬೇಡ. ಆಮೇಲೆ ನೆಲದ ಮೇಲಿನ ಒಂದು ನಾಣ್ಯ ಎತ್ತಿ ನೋಡಿ. ಎತ್ತಲು ಬಂದರೆ ಕವಾಟವೂ ತಿರುಗುತ್ತದೆ.

ಮಾಸ್ಕಿಗೆ ಹೆಂಗಸರ ಮಾದರಿ ಅಂತ ಇಲ್ಲ. ಸ್ಮಾಲ್, ಮೀಡಿಯಂ, ಲಾರ್ಜ್ ಇವೆ. ಠಾಣೆಯಲ್ಲಿ ರಾಶಿ ಬಿದ್ದಿರುವುದು ಮೀಡಿಯಂ. ಅಮೆರಿಕದ ಕಾರ್ಮಿಕ ಸುರಕ್ಷಾ ಇಲಾಖೆ ಓಶಾದ ನಿಯಮದ ಪ್ರಕಾರ ವರ್ಷಕ್ಕೊಮ್ಮೆ ಫಿಟ್ ಟೆಸ್ಟ್ (ಮಾಸ್ಕು ಮುಖಕ್ಕೆ ಸಂದಿಯಿಲ್ಲದೆ ಕೂರುತ್ತದಾ ಅನ್ನುವ ಪರೀಕ್ಷೆ) ಕಡ್ಡಾಯ; ಯಂತ್ರದಲ್ಲಿ ಅಳೆಯುವ ಪರೀಕ್ಷೆಯಲ್ಲಿ ಪೂರ್ತಿ ಮುಖದ ಮಾಸ್ಕಿಗೆ ಫಿಟ್ ಫ್ಯಾಕ್ಟರ್ ಕನಿಷ್ಠ 500 ಬರಬೇಕು. ಅಂಚಿನಲ್ಲಿ ಪಾಸಾದರೆ ಅಷ್ಟಕ್ಕೇ ಬಿಡಬೇಡಿ, ಸ್ಮಾಲ್‌ನಲ್ಲೂ ಮಾಡಿಸಿ, ಎರಡರಲ್ಲಿ ಜಾಸ್ತಿ ಬಂದದ್ದನ್ನು ಬರೆಸಿಕೊಳ್ಳಿ. ಈ ಮಾಸ್ಕುಗಳಲ್ಲಿ ಒಳಗಿನ ಒತ್ತಡ ಹೊರಗಿಗಿಂತ ಸ್ವಲ್ಪ ಹೆಚ್ಚು ಇರುವುದರಿಂದ ಸಂದಿ ಬಿಟ್ಟರೆ ಹೊಗೆ ಒಳಗೆ ಬರುವ ಮುಂಚೆ ಗಾಳಿ ಹೊರಗೆ ಸೋರುತ್ತದೆ. ಅಂದರೆ ಉಸಿರಾಟ ಮಾಮೂಲಿ, ಸಿಲಿಂಡರ್ ಮಾತ್ರ ಎಲ್ಲರಿಗಿಂತ ಮುಂಚೆ ಖಾಲಿ. 'ಅವಳು ಗಾಳಿ ಜಾಸ್ತಿ ತಿನ್ನುತ್ತಾಳೆ' ಅನ್ನುವ ಮಾತು ಹುಟ್ಟುವುದರಲ್ಲಿ ಇದಕ್ಕೂ ಪಾಲಿದೆ, ಒಂದು ಫಿಟ್ ಟೆಸ್ಟಿನಲ್ಲಿ ಸುಲಭವಾಗಿ ಬಯಲಾಗುವ ಸಂಗತಿ.

ಒಳಗಿನ ಮೂಗು-ಬಾಯಿ ಬಟ್ಟಲಿಗೆ ಬೇರೆ ಸೈಜ್ ಇದೆ ಅನ್ನುವುದು ಅನೇಕ ಠಾಣಾಧಿಕಾರಿಗಳಿಗೂ ತಿಳಿದಿರುವುದಿಲ್ಲ. ಬಟ್ಟಲು ದೊಡ್ಡದಾದರೆ ಬಿಟ್ಟ ಉಸಿರು ಗಾಜಿನ ಮೇಲೆ ಹೋಗಿ ಮಂಜು ಕೂರುತ್ತದೆ. ಕೂದಲನ್ನು ತಲೆಯ ಹಿಂಭಾಗದಲ್ಲಿ ಕೆಳಗೆ, ಚಪ್ಪಟೆಯಾಗಿ ಕಟ್ಟಬೇಕು. ನಡುಮಧ್ಯ ತುರುಬು ಕಟ್ಟಿದರೆ ಮಾಸ್ಕಿನ ಜಾಲರಿಯೂ ಹೆಲ್ಮೆಟ್ಟೂ ಅದರ ಮೇಲೆ ಕೂತು ಮುಂದಕ್ಕೆ ಜಾರುತ್ತವೆ. ರಬ್ಬರ್ ಅಂಚಿನ ಕೆಳಗೆ ಒಂದು ಎಳೆ ಕೂದಲು ಸಿಕ್ಕಿದರೂ ಸೋರಿಕೆ.

ಬೆನ್ನಿನ ಸಿಲಿಂಡರ್ ಚೌಕಟ್ಟು ಈ ಪಟ್ಟಿಯಲ್ಲಿ ತೀರಾ ನಿರಾಸೆ ತರುವ ವಸ್ತು. ಗಿಡ್ಡ ಮುಂಡದವರಿಗೆ ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಕೆಳಗೆ ಕೂರುತ್ತದೆ, ಭಾರವೆಲ್ಲ ಭುಜಕ್ಕೆ. ಕೆಳಬೆನ್ನಿನ ಪ್ಯಾಡು ಮೇಲೆ ಕೆಳಗೆ ಸರಿಸಲು ಬರುವ ಚೌಕಟ್ಟು ಇದ್ದರೆ ಅರ್ಧ ಸಮಸ್ಯೆ ತೀರಿತು, ಉಳಿದರ್ಧ ಹಾಗೇ. ಬೂಟಿನಲ್ಲಿ ಹೆಂಗಸರ ಅಚ್ಚಿನದ್ದೇ ಕೇಳಿ, ಹಿಮ್ಮಡಿ ಕಿರಿದಾಗಿರುತ್ತದೆ. ಗಂಡಸರ ಚಿಕ್ಕ ಬೂಟಿಗೆ ಎರಡು ಸಾಕ್ಸ್ ಹಾಕಿದರೆ ಹಿಮ್ಮಡಿ ಏಣಿಯ ಮೇಲೆ ಜಾರುತ್ತದೆ. ಹೆಲ್ಮೆಟ್ಟಿನ ಒಳಪಟ್ಟಿ ತಿರುಗಿಸಿ ಬಿಗಿ ಮಾಡಿಕೊಂಡರೆ ಸಾಕು.

ಅಳತೆ ತೆಗೆಯುವ ದಿನವೇ ಅರ್ಧ ಗೆಲುವು. ಏಜೆಂಟರಿಗೆ ಮುಂಚೆಯೇ ಫೋನ್ ಮಾಡಿ ಹೆಂಗಸರ ಟ್ರಯಲ್ ಸೆಟ್ ತರಲು ಹೇಳಿ. ಹೇಳದಿದ್ದರೆ ಗಂಡಸರದ್ದು ಮಾತ್ರ ವ್ಯಾನಿನಲ್ಲಿರುತ್ತದೆ. ಠಾಣೆಯ ತೆಳು ಸಮವಸ್ತ್ರದ ಮೇಲೆ, ಕೆಲಸಕ್ಕೆ ಹಾಕುವ ಸ್ಪೋರ್ಟ್ಸ್ ಬ್ರಾ ಹಾಕಿಕೊಂಡೇ ಅಳತೆ ಕೊಡಿ. ಎದೆಯ ತುಂಬು ಸುತ್ತಳತೆ, ಸೊಂಟ, ಸೀಟಿನ ಅಗಲವಾದ ಜಾಗ, ತೊಡೆ, ಒಳಗಾಲು, ಮುಂದಿನಿಂದ ಹಿಂದಕ್ಕೆ ತೊಡೆಸಂದಿನ ಸುತ್ತು, ಕತ್ತಿನ ಹಿಂಭಾಗದಿಂದ ಮಡಚಿದ ಮೊಣಕೈ ಮೇಲೆ ಹಾದು ಮಣಿಕಟ್ಟಿನವರೆಗೆ. ಟೇಪ್ ಹಿಡಿದವರು ಮುಜುಗರಪಟ್ಟು ಎದೆ ಮತ್ತು ಸೀಟ್ ಅಂದಾಜಿನಲ್ಲಿ ಬರೆಯುವುದು ಸಾಮಾನ್ಯ. ತಪ್ಪಾಗುವುದೂ ಆ ಎರಡರಲ್ಲೇ. ಮುಜುಗರ ಅನ್ನಿಸಿದರೆ ಅಳೆಯಲು ಹೆಂಗಸರನ್ನು ಕಳಿಸಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಬೆಲೆ ಕೋಟು-ಪ್ಯಾಂಟು ಜೋಡಿಗೆ 3,000 ಡಾಲರಿನ ಮೇಲೆ, ಬರಲು ತಿಂಗಳುಗಟ್ಟಲೆ. ತಯಾರಾದ ದಿನಾಂಕದಿಂದ 10 ವರ್ಷಕ್ಕೆ ಗೇರ್ ನಿವೃತ್ತಿ, ಅದು ಎನ್‌ಎಫ್‌ಪಿಎ 1851ರ ನಿಯಮ (ಈಗ ಇದನ್ನು 1850ರೊಳಗೆ ಸೇರಿಸಿದ್ದಾರೆ). ಸಣ್ಣ ಇಲಾಖೆಗಳಿಗೆ ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಕೊಡುವ ಎಎಫ್‌ಜಿ ಅನುದಾನ ಇದೆ. ಅರ್ಜಿಯಲ್ಲಿ ಒಬ್ಬೊಬ್ಬರಿಗೆ ಎರಡು ಸೆಟ್ ಬರೆಯಿರಿ. ಬೆಂಕಿಯಿಂದ ಬಂದ ಗೇರ್ ತೊಳೆಯಲು ಹೋದಾಗ ಹೆಂಗಸರ ಕೈಗೆ ಸಿಗುವ ಬದಲಿ ಗೇರ್ ಗಂಡಸರ ಲಾರ್ಜ್. ಒಂದೇ ಸೆಟ್ ಕೊಂಡ ಇಲಾಖೆಯಲ್ಲಿ ಆಗುವುದೇನೆಂದರೆ, ಮೈಗೆ ಕೂರುವ ಗೇರ್ ಬಿಟ್ಟುಕೊಡಲು ಮನಸ್ಸಾಗದೆ ಮಸಿ ಹಿಡಿದದ್ದನ್ನೇ ಮತ್ತೆ ಹಾಕಿಕೊಳ್ಳುತ್ತಾರೆ.

ಆ ಮಸಿ ಸಣ್ಣ ವಿಷಯ ಅಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮಸಿಯ ಜತೆಗೆ ಬಟ್ಟೆಯಲ್ಲೇ ಪಿಫಾಸ್ ಅನ್ನುವ, ಮೈಯಲ್ಲೂ ಪರಿಸರದಲ್ಲೂ ಬೇಗ ಕರಗದ ರಾಸಾಯನಿಕಗಳಿವೆ, ನೀರು ತಡೆಯುವ ಪದರದಲ್ಲೂ ಹೊರಬಟ್ಟೆಯ ಲೇಪದಲ್ಲೂ. ಸ್ಯಾನ್ ಫ್ರಾನ್ಸಿಸ್ಕೋದ ಮಹಿಳಾ ಅಗ್ನಿಶಾಮಕ ಸಿಬ್ಬಂದಿಯ ರಕ್ತದಲ್ಲಿ ಕೆಲವು ಪಿಫಾಸ್‌ಗಳು ಕಚೇರಿ ಕೆಲಸದ ಹೆಂಗಸರಿಗಿಂತ ಹೆಚ್ಚಿದ್ದದ್ದು 2020ರ ಅಧ್ಯಯನದಲ್ಲಿ ಕಂಡಿತು. ಮ್ಯಾಸಚೂಸೆಟ್ಸ್‌ನಲ್ಲಿ 2027ರ ಜನವರಿ 1ರಿಂದ ಪಿಫಾಸ್ ಬೆರೆಸಿದ ಗೇರ್ ಮಾರುವಂತಿಲ್ಲ. ಹಾಗಾಗಿ ಈಗ ಆರ್ಡರ್ ಹಾಕುವವರು ಪಿಫಾಸ್ ಇಲ್ಲದ್ದನ್ನೇ ಕೇಳುವುದು ಒಳ್ಳೆಯದು. ಒಂದು ಕೊರತೆ ಇದೆ: ಲೇಪ ಬದಲಾದ ಹೊರಬಟ್ಟೆ ಎಣ್ಣೆ, ಇಂಧನವನ್ನು ಮೊದಲಿನಷ್ಟು ದೂಡುವುದಿಲ್ಲ, ಬೇಗ ತೊಳೆಯಬೇಕು. ಎರಡನೇ ಸೆಟ್ಟಿಗೆ ಇದು ಇನ್ನೊಂದು ಕಾರಣ.

ಬಸುರಿನ ಸಮಯಕ್ಕೆ ತಕ್ಕ ಗೇರನ್ನು ಇಲಾಖೆ ಎರವಲು ಕೊಡುವ ವ್ಯವಸ್ಥೆ ಇದೆಯಾ ಅಂತ ಸೇರುವಾಗಲೇ ಕೇಳಿಟ್ಟುಕೊಳ್ಳಿ. ಗರ್ಭಿಣಿ ಅನ್ನುವ ಒಂದೇ ಕಾರಣಕ್ಕೆ ಕೆಲಸದಿಂದ ಬಲವಂತವಾಗಿ ದೂರ ಇಡುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಹಗುರ ಕೆಲಸದಂಥ ಹೊಂದಾಣಿಕೆ ಕೇಳುವ ಹಕ್ಕೂ ಇದೆ.

ನಮ್ಮ ಕಡೆ, ಭಾರತದ ಮೊದಲ ಮಹಿಳಾ ಅಗ್ನಿಶಾಮಕ ಅಧಿಕಾರಿ ಅನ್ನಿಸಿಕೊಂಡ ಹರ್ಷಿಣಿ ಕನ್ಹೇಕರ್ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು ಸೇರಿದ್ದು 2002ರಲ್ಲಿ. ಇಲ್ಲಿಯ ಟೆಂಡರುಗಳಲ್ಲಿ ಕೇಳುವುದು ಯುರೋಪಿನ ಇಎನ್ 469 ಅಥವಾ ಭಾರತದ ಐಎಸ್ 16890. ಮಾನದಂಡದ ಸಂಖ್ಯೆ ಬರೆದ ಮಾತ್ರಕ್ಕೆ ಹೆಂಗಸರ ಅಳತೆ ಬಂದುಬಿಡುವುದಿಲ್ಲ. ಮೂರು ಸಾಲು ಸೇರಿಸಿ: ಹೆಂಗಸರ ಪ್ರತ್ಯೇಕ ಮಾದರಿಯ ಅಳತೆ ಪಟ್ಟಿ ಬಿಡ್ ಜತೆ ಲಗತ್ತಿಸಬೇಕು, ಆರ್ಡರಿಗೆ ಮುಂಚೆ ಟ್ರಯಲ್ ಸೆಟ್ ತಂದು ಸಿಬ್ಬಂದಿಗೆ ಹಾಕಿಸಬೇಕು, ಬಂದ ಮೇಲೆ ಕೈಯೆತ್ತಿ ಬಗ್ಗುವ ಪರೀಕ್ಷೆಯಲ್ಲಿ ಕೋಟು-ಪ್ಯಾಂಟಿನ ನಡುವೆ ಸಂದಿ ಕಂಡ ಸೆಟ್ಟನ್ನು 30 ದಿನದೊಳಗೆ ಸರಬರಾಜುದಾರರ ಖರ್ಚಿನಲ್ಲೇ ಬದಲಿಸಿ ಕೊಡಬೇಕು. ಮೂರನೆಯದಕ್ಕೆ ಬಿಡ್ ಹಾಕುವವರು ತಕರಾರು ಎತ್ತುತ್ತಾರೆ, ಎತ್ತಲಿ. ಮಂಡಿ ಪ್ಯಾಡು ಎಲ್ಲಿದೆ ಅಂತ ಅವರು ಸಾಗಿಸುವ ಮುಂಚೆ ನೋಡಿಕೊಳ್ಳುವುದು ಆ ಸಾಲು ಇದ್ದಾಗ ಮಾತ್ರ.